ಮಸ್ಕತ್‌ನಲ್ಲಿದ್ದವಳು ಊರಲ್ಲಿ ಸತ್ತಳು

ಕಳೆದ ಶುಕ್ರವಾರ ಬೆಳಿಗ್ಗೆ ನನ್ನ ತಂಗಿ ವಾರಿಜ ತೀರಿಕೊಂಡ ಸುದ್ದಿ ಮಸ್ಕತ್‌ನ ದಾರ್ಸೈಟ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂತು. ಸುದ್ದಿ ಬಂದಾಗ ವಾರಿಜ ನನ್ನ ಅಡುಗೆಮನೆಯಲ್ಲಿ ಬಂಗುಡೆ ಕಾಯಿಸುತ್ತಿದ್ದಳು.

ತಂದವರು ಹಮೀದಾಕ. ನಮ್ಮೂರಿನವರೇ, ಇಲ್ಲಿಯ ರೂವಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾರೆ. ರಜೆಯ ದಿನ ಹೀಗೆ ಹೇಳದೆ ಕೇಳದೆ ಬರುವವರಲ್ಲ. ಸೋಫಾದ ತುದಿಯಲ್ಲಿ ಕೂತು, ಟೋಪಿ ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದರು.

"ಊರಿಂದ ಫೋನ್ ಬಂದಿತ್ತು. ನಿಮ್ಮ ತಂಗಿ ಹೋದರಂತಲ್ಲ ಅಕ್ಕ. ನೀವು ಊರಿಗೆ ಹೋಗ್ಲಿಕ್ಕಿಲ್ವಾ?"

ಅಷ್ಟರಲ್ಲಿ ಒಳಗಿನಿಂದ ಕ್ಯಾಲಿಪರ್ ಸದ್ದು ಕೇಳಿತು. (ವಾರಿಜಳ ಎಡಗಾಲು ಪೋಲಿಯೊಗೆ ಹೋಗಿ ಮೂವತ್ತು ವರ್ಷವಾಯಿತು. ಕಬ್ಬಿಣದ ಪಟ್ಟಿಯ ಬೂಟಿಲ್ಲದೆ ನಡೆಯಲಾರಳು.) ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದು, ಯಾರು ಹೋದದ್ದು ಎಂದು ಕೇಳಿದಳು. ಹಮೀದಾಕ ಎದ್ದು ನಿಂತವರು ಹಾಗೇ ಕುಸಿದು ಕೂತರು. ನೀರು ಕೊಟ್ಟೆ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

ಒಂದೇ ಊರಿನವರು. ಅವರ ಅಂಗಡಿಗೂ ನಮ್ಮ ಮನೆಗೂ ಟ್ಯಾಕ್ಸಿಯಲ್ಲಿ ಐದು ನಿಮಿಷ. ವಾರಿಜ ಇಲ್ಲಿಗೆ ಬಂದು ಎರಡು ತಿಂಗಳಾದರೂ ಅವರಿಗೆ ಗೊತ್ತಾಗದೇ ಇದ್ದದ್ದು ಹೇಗೆ? ಗೊತ್ತಾಗದಂತೆ ನಾವು ನೋಡಿಕೊಂಡಿದ್ದೆವು. ಅದನ್ನೇ ಈ ವಾರದ ಅಂಕಣದಲ್ಲಿ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ವಾರಿಜಳಿಗೆ ಸರಕಾರದ ಅಂಗವಿಕಲರ ಪಿಂಚಣಿ ಬರುತ್ತದೆ. ಎಷ್ಟೆಂದು ಹೇಳಿದರೆ ನಗುತ್ತೀರಿ. ಆದರೆ ಅಣ್ಣನ ಮನೆಯಲ್ಲಿರುವ ಅವಳಿಗೆ ತನ್ನದೇ ಹೆಸರಿಗೆ ಬರುವುದು ಈ ಲೋಕದಲ್ಲಿ ಅದೊಂದೇ. ತಿಂಗಳಿಗೊಮ್ಮೆ ಪೋಸ್ಟ್‌ಮ್ಯಾನ್ ಅಂಗಳದಲ್ಲಿ ನಿಂತು ಅವಳನ್ನೇ ಕರೆಯಬೇಕು, ಅವಳೇ ಸಹಿ ಹಾಕಬೇಕು. ಸಾಬೂನು, ರವಿಕೆ ಬಟ್ಟೆ, ಬಸ್ ಟಿಕೆಟ್, ಯಾವುದಕ್ಕೂ ಅತ್ತಿಗೆಯ ಮುಖ ನೋಡಬೇಕಾಗಿಲ್ಲ.

ನಾನು ವಿಸಿಟ್ ವೀಸಾ ಕಳಿಸಿದಾಗ ಅವಳು ಮೊದಲು ಮಾಡಿದ್ದು ತಾಲೂಕು ಆಫೀಸಿಗೆ ಅರ್ಜಿ ಬರೆದದ್ದು. ಅಕ್ಕನ ಮನೆಗೆ ಮಸ್ಕತ್‌ಗೆ ಮೂರು ತಿಂಗಳು ಹೋಗುತ್ತಿದ್ದೇನೆ, ಅಲ್ಲಿಯವರೆಗೆ ನನ್ನ ಪಿಂಚಣಿ ಏನಾಗುತ್ತದೆ, ತಿಳಿಸಬೇಕು ಎಂದು. ಅಣ್ಣ ಫೋನಿನಲ್ಲಿ ಓದಿ ಹೇಳಿದ. ನಾನು ಇಲ್ಲಿಂದಲೇ ಕಿರುಚಿದೆ. ತಾವಾಗಿ ಹೋಗಿ ಯಾರಾದರೂ ಹೀಗೆ ಹೇಳಿಕೊಳ್ಳುತ್ತಾರೆಯೇ? ವಿಮಾನ ಹತ್ತುವವಳಿಗೆ ಪಿಂಚಣಿ ಯಾಕೆ ಎಂದು ಕೇಳಿದರೆ? ಅರ್ಜಿ ಕೊಡುವುದು ಬೇಡ, ಯಾರು ಕೇಳಿದರೂ ಮಂಗಳೂರಿನ ಆಸ್ಪತ್ರೆಯಲ್ಲಿ ಕಾಲಿನ ಟ್ರೀಟ್‌ಮೆಂಟ್ ಎಂದರಾಯಿತು ಎಂದು ಹೇಳಿಕೊಟ್ಟವಳು ನಾನೇ. (ಪ್ರತಿ ವಾರ ನಿಮಗೆ ಉಪದೇಶ ಮಾಡುವವಳು!)

ಇಲ್ಲಿಗೆ ಬಂದ ಮೇಲೂ ಅದೇ ಕಥೆ. ರೂವಿಯಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಊರು ಮುಟ್ಟುತ್ತದೆ. ಹಾಗಾಗಿ ಅವಳನ್ನು ರೂವಿಗೆ ಕರೆದೊಯ್ಯಲಿಲ್ಲ. ಕೃಷ್ಣ ದೇವಸ್ಥಾನ ಮನೆಯ ಹತ್ತಿರವೇ ಇದ್ದರೂ, ಊರಿನವರು ಸಿಗುತ್ತಾರೆಂದು ಅಲ್ಲಿಗೂ ಇಲ್ಲ. ಶುಕ್ರವಾರ ಕಾರಿನಲ್ಲಿ ಕೂರಿಸಿ ಅಲ್ ಅಮೇರಾತ್ ಕಡೆಯ ಬೋಳು ಗುಡ್ಡಗಳನ್ನು ತೋರಿಸಿಕೊಂಡು ಬರುತ್ತಿದ್ದೆವು. ಚೆಂದ ಉಂಟು ಎನ್ನುತ್ತಿದ್ದಳು, ಪಾಪ.

ಹಮೀದಾಕ ಹೋದ ಮೇಲೆ ಅಣ್ಣನಿಗೆ ಫೋನ್ ಹಚ್ಚಿದೆ. ನಡೆದದ್ದು ಆಗ ತಿಳಿಯಿತು.

ಮೊದಲ ತಿಂಗಳು ಪೋಸ್ಟ್‌ಮ್ಯಾನ್ ಬಂದಾಗ ಅಣ್ಣ ಆಸ್ಪತ್ರೆ ಎಂದಿದ್ದ. ಮನಿಯಾರ್ಡರ್ ವಾಪಸಾಯಿತು. ಎರಡನೆಯ ತಿಂಗಳು ಅತ್ತಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ವಲ್ಪ ಸೀರಿಯಸ್ ಎಂದಳು. (ಸುಳ್ಳಿಗೆ ಉಪ್ಪುಖಾರ ಹಾಕುವುದರಲ್ಲಿ ನಮ್ಮ ಮನೆಯವರು ನಿಸ್ಸೀಮರು.) ಆ ಪೋಸ್ಟ್‌ಮ್ಯಾನ್ ಪುಣ್ಯಾತ್ಮ. ವರ್ಷಗಳಿಂದ ಅವಳ ಕೈಗೇ ಹಣ ಕೊಟ್ಟವರು. ಆದಿತ್ಯವಾರ ಬ್ರೆಡ್ಡು, ಮೂಸಂಬಿ ಹಿಡಿದು ಮಂಗಳೂರಿನ ಬಸ್ಸು ಹತ್ತಿದರು. ವಾರ್ಡು ವಾರ್ಡು ಹುಡುಕಿದರು. ಆ ಹೆಸರಿನ ಪೇಶೆಂಟೇ ಇಲ್ಲ.

ವಾಪಸ್ ಬಂದು ಮನೆಯಲ್ಲಿ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಹತ್ತೇ ದಿನ ಉಳಿದಿತ್ತು. ಸೂತಕ ಬಂದರೆ ನಿಶ್ಚಿತಾರ್ಥ ನಿಲ್ಲುತ್ತದೆಂದು ಸಾವನ್ನು ಮುಚ್ಚಿಟ್ಟಿದ್ದಾರೆ ಎಂದು ಅವರು ತಿಳಿದರು. ಊರಿಗೆ ಊರೇ ಹಾಗೆ ತಿಳಿಯಿತು. ಮರ್ಯಾದಸ್ಥರು, ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮನಿಯಾರ್ಡರ್ ಮಾತ್ರ 'ಮೃತರು' ಎಂಬ ಷರಾದೊಂದಿಗೆ ವಾಪಸ್ ಹೋಯಿತು. ಸೂತಕ ಕಳೆದ ಮೇಲೆ ನೋಡುವ ಎಂದು ಗಂಡಿನ ಕಡೆಯವರು ಹಿಂದಿನ ಸಂಜೆ ಹೇಳಿಕಳಿಸಿದಾಗಲೇ, ತನ್ನ ತಂಗಿ ಸತ್ತಿದ್ದಾಳೆಂದು ಅಣ್ಣನಿಗೆ ಗೊತ್ತಾದದ್ದು!

ಗಾಬರಿಬಿದ್ದು ಅವನು ನಿಜ ಹೇಳಿದ. ಮಸ್ಕತ್‌ನಲ್ಲಿ, ಅಕ್ಕನ ಮನೆಯಲ್ಲಿದ್ದಾಳೆ ಎಂದ. ಯಾರೂ ನಂಬಲಿಲ್ಲ. ಆ ಕಾಲು ಇಟ್ಟುಕೊಂಡು ವಿಮಾನ ಹತ್ತಿದಳೇ ಎಂದು ಕೇಳಿದರಂತೆ. ಸತ್ತಳು ಎಂದಾಗ ಹೇಗೆ, ಯಾವಾಗ ಎಂದು ಕೇಳದ ಊರು, ಬದುಕಿದ್ದಾಳೆ ಎಂದರೆ ಫೋಟೋ ಕೇಳಿತು.

ಊರಿನವರನ್ನು ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ ಫೋನ್ ಇಟ್ಟ ಮೇಲೆ ನನ್ನನ್ನೇ ಕೇಳಿಕೊಂಡೆ. ಈ ಕಾಲಿನವಳು ವಿಮಾನ ಹತ್ತುವುದೇ ಒಂದು ಅಪರಾಧ ಎಂಬಂತೆ ನಡೆದುಕೊಂಡವರಲ್ಲಿ ಮೊದಲನೆಯವಳು ಯಾರು?

ಈಗ ಪಿಂಚಣಿ ನಿಂತಿದೆ. ನಮ್ಮ ಯಜಮಾನರು ಉಪಾಯ ಹೇಳಿದರು. ಪರಿಚಯದ ಡಾಕ್ಟರಿಂದ ಒಂದು ಡಿಸ್ಚಾರ್ಜ್ ಚೀಟಿ ಮಾಡಿಸಿದರಾಯಿತು, ಖಲಾಸ್. ನಂಬುತ್ತೀರಾ, ನಾನು ಅದಕ್ಕೂ ತಲೆಯಾಡಿಸಿದೆ!

ವಾರಿಜ ಒಲೆ ಆರಿಸಿ ಬಂದು ಎದುರಿಗೆ ಕೂತಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳ ದನಿ ಏರಿತು.

"ಅದು ನನ್ನ ಕಾಲಿಗೆ ಕೊಡುದು ಅಕ್ಕ, ಮನೆಯೊಳಗೆ ಕೂತದ್ದಕ್ಕೆ ಅಲ್ಲ. ನಿಲ್ಲಿಸುದಾದ್ರೆ ನಿಲ್ಲಿಸ್ಲಿ. ಅಡಗಿಕೊಳ್ಳಿಕ್ಕೆ ನಾನು ಎಂತ ಕದ್ದಿದ್ದೇನೆ?"

ಯಜಮಾನರು ಪೇಪರ್ ಮಡಚಿ ಎದ್ದು ಹೋದರು. ನಾನು ಎಲ್ಲಿಗೆ ಹೋಗಲಿ?

ಮರುದಿನ ಅವಳನ್ನು ರೂವಿಗೆ ಕರೆದೊಯ್ದೆ. ಅಂಗಡಿ ಸಾಲಿನ ನಡುವೆಯೇ, ಎಲ್ಲರ ಎದುರಿಗೇ ನಡೆದಳು. ಊರಿನವರು ಇಬ್ಬರು ಸಿಕ್ಕಿದರು, ಮಾತಾಡಿಸಿದಳು. ಪಾಸ್‌ಪೋರ್ಟಿನ ಝೆರಾಕ್ಸ್ ಮಾಡಿಸಿ ತಾಲೂಕು ಆಫೀಸಿಗೆ ಅವಳು ಬರೆದ ಪತ್ರಕ್ಕೆ ಪಿನ್ ಹಾಕಿದೆವು. ತಾನು ಜೀವಂತ ಇದ್ದೇನೆ, ತಿಳಿಸದೆ ಬಂದದ್ದು ತನ್ನ ತಪ್ಪು, ಪಿಂಚಣಿಯ ಬಗ್ಗೆ ಕಚೇರಿಯವರು ನಿಯಮ ನೋಡಿ ತೀರ್ಮಾನಿಸಬೇಕು ಎಂದು ಬರೆದಿದ್ದಳು. ಹೇಳಬೇಡ ಎಂದವರ ಹೆಸರನ್ನು ಎಲ್ಲಿಯೂ ಹಾಕಿರಲಿಲ್ಲ. ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೊನೆಯ ಸಾಲಿನ ಕೆಳಗೆ 'ಸಾಕ್ಷಿ' ಎಂದು ಬರೆದು, ಪೆನ್ನು ನನ್ನ ಕೈಗೆ ಕೊಟ್ಟಳು.

ತಂಗಿ ಬದುಕಿದ್ದಾಳೆಂದು ಸಹಿ ಹಾಕಲು, ಎರಡು ತಿಂಗಳು ಅವಳನ್ನು ಇಲ್ಲವಾಗಿಸಿದವಳೇ ಬೇಕಾಯಿತೇ?