ಕುಣಿಗಲ್ ಬಸ್ಸು ಹತ್ತದ ಮಿಕ್ಸಿ

ಮೊನ್ನೆ ನನ್ನ ಮೊಮ್ಮಗಳು ಮಿಕ್ಸಿಯ ಸದ್ದಿಗೆ ಹೆದರದೆ ಮೊದಲ ಸಲ ಕೇಕೆ ಹಾಕಿ ನಕ್ಕಳು. ಹಲ್ಲಿಲ್ಲದ ಆ ಬಾಯಿ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ರುಬ್ಬುವುದಕ್ಕೆ ಏನೂ ಇಲ್ಲದಿದ್ದರೂ ಬರೀ ಜಾರು ತಿರುಗಿಸಿದೆ, ಇನ್ನೊಮ್ಮೆ ನಗಲಿ ಎಂದು. ಸಂತೋಷ ಉಕ್ಕಿದಾಗ ಹಳೆಯ ಸಿಟ್ಟೂ ಜೊತೆಗೇ ಉಕ್ಕುತ್ತದೆ, ನನ್ನ ಸ್ವಭಾವವೇ ಹಾಗೆ. ನನ್ನ ಮೊದಲ ಮಿಕ್ಸಿ ಸತ್ತಿತು ಎಂದು ಗಂಡ ಅದನ್ನು ಮೂಟೆ ಕಟ್ಟಲು ಹೊರಟಿದ್ದು ನೆನಪಾಯಿತು. ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮಾತು. ತುಮಕೂರಿನಲ್ಲಿ ಶಿರಾ ಗೇಟಿನ ಹಿಂದೆ ಬಾಡಿಗೆ ಮನೆಯಲ್ಲಿದ್ದೆವು. ಗಂಡ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಅತ್ತೆ ನಮ್ಮ ಜೊತೆಗಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಬಲ ಮುಂಗೈ ಮುರಿದಿತ್ತು. ಕೂಡಿಕೊಂಡಿತು, ಆದರೆ ಸೊಟ್ಟಗೆ. ಒರಳಲ್ಲಿ ಗುಂಡು ತಿರುಗಿಸಿದರೆ ಮೊಣಕೈವರೆಗೂ ನೋವು ಸಿಡಿಯುತ್ತಿತ್ತು. ನೋಡಲಾರದೆ ನನ್ನ ಅಣ್ಣ ಗುಬ್ಬಿಯಿಂದ ಒಂದು ಮಿಕ್ಸಿ ಹೊತ್ತು ತಂದ. ಮಿಕ್ಸಿಯ ಚಟ್ನಿ ಬಾಯಿಗಿಡುವ ಹಾಗಿಲ್ಲ ಎಂದು ಅತ್ತೆ ದಿನಾ ಅಂದರು, ದಿನಾ ಮತ್ತೆ ಮತ್ತೆ ಹಾಕಿಸಿಕೊಂಡರು.

ಆ ವರ್ಷದ ಆಯುಧಪೂಜೆಗೆ ಅತ್ತೆ ಸೈಕಲ್ಲು, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ, ಮಿಕ್ಸಿ ಎಲ್ಲವನ್ನೂ ದೇವರ ಮುಂದೆ ಸಾಲಾಗಿಟ್ಟು, ನೀರಲ್ಲಿ ಕಲಸಿದ ವಿಭೂತಿ ಬಳಿದು ಮೇಲೆ ಕುಂಕುಮ ಇಟ್ಟರು. ಮಾರನೆಯ ದಿನದವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಮುಟ್ಟಿದ ಮೇಲೂ ಆ ಕುಂಕುಮ ಒರೆಸುವಂತಿಲ್ಲ, ತಾನಾಗಿಯೇ ಹೋಗಬೇಕು.

ಪೂಜೆಯ ಸಂಜೆ ಬೀದಿಯ ಕಂಬದಲ್ಲಿ ಯಾವುದೋ ತಂತಿ ಕಿತ್ತುಕೊಂಡಿತು. ನಮ್ಮ ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿದು ಪಟ್ಟೆಂದು ಒಡೆಯಿತು. ಪಕ್ಕದ ಮನೆಯ ರೇಡಿಯೋದಿಂದ ಹೊಗೆ ಬಂತು. ಲೈನ್‌ಮನ್ ಬಂದು ಕಂಬ ಹತ್ತಿ ಸರಿ ಮಾಡಿಹೋದ. ಬೆಳಿಗ್ಗೆ ನಾನು ಮಿಕ್ಸಿಯನ್ನು ಅಡುಗೆಮನೆಗೆ ತಂದು, ಕಾಯಿ, ಹಸಿಮೆಣಸಿನಕಾಯಿ ಹಾಕಿ, ಸ್ವಿಚ್ಚು ಒತ್ತಿದೆ. ಗುಂಯ್ ಅಂತಲೂ ಅನ್ನಲಿಲ್ಲ.

"ಸುಟ್ಟೋಗೈತೆ ಬುಡು," ಎಂದರು ಗಂಡ, ಹತ್ತಿರಕ್ಕೂ ಬಾರದೆ.

"ರೀ, ಅದು ವೈರು ಸುತ್ಕೊಂಡು ದೇವ್ರ ಮುಂದೆ ಕೂತಿತ್ತು. ಗೋಡೆಗೇ ಸಿಗಿಸಿರ್ಲಿಲ್ಲ. ಹೆಂಗ್ರೀ ಸುಡುತ್ತೆ?"

"ಕರೆಂಟ್ ವಿಷ್ಯ ನಿಂಗೇನೇ ಗೊತ್ತು? ಪಕ್ಕದ್ಮನೆ ರೇಡಿಯೋನೇ ಹೋಗೈತೆ."

"ಅದು ಹಾಡ್ತಾ ಇತ್ತು. ಇದು ವಿಭೂತಿ ಬಳ್ಕೊಂಡು ಸುಮ್ನೆ ಕೂತಿತ್ತು!"

ಹೂ ಕಟ್ಟುತ್ತಿದ್ದ ಅತ್ತೆ ಅಲ್ಲಿಂದಲೇ ತೀರ್ಪು ಕೊಟ್ಟರು. "ಸಿಗಿಸ್ದೆ ಸುಡಲ್ಲ ಅಂತ ಅವ್ಳೇ ಹೇಳ್ತಾವ್ಳೆ. ಅಂದ್ರೆ ಸಿಗಿಸವ್ಳೆ. ನಾನು ದೇವಸ್ಥಾನಕ್ಕೆ ಹೋಗಿದ್ದಾಗ ಕದ್ದು ರುಬ್ಬವ್ಳೆ ಕಣೋ!"

ನನ್ನ ಮಾತನ್ನೇ ತಿರುಚಿ ನನ್ನ ಕೊರಳಿಗೆ ಹಾಕಿದ್ದರು. ಗಂಡ ಇಲ್ಲ ಅನ್ನಬೇಕಿತ್ತು. ಅದು ಬಿಟ್ಟು, "ಕುಣಿಗಲ್ ಅಕ್ಕನ ಮನೆಗೆ ತಗೊಂಡು ಹೋಗ್ತೀನಿ. ಭಾವಂಗೆ ಗೊತ್ತಿರೋ ಮೆಕ್ಯಾನಿಕ್ ಒಬ್ಬ ಅವ್ನೆ," ಎಂದು ಹಗ್ಗ ಹುಡುಕಲು ಹೋದರು.

ಕುಣಿಗಲ್ಲಿನ ಅತ್ತಿಗೆಯ ಮನೆಗೆ ಹೋದ ಸಾಮಾನು ವಾಪಸ್ಸು ಬಂದದ್ದು ನಾನು ಕಾಣೆ. ನಮ್ಮ ಸೀಮೆಎಣ್ಣೆ ಸ್ಟೌ ರಿಪೇರಿಗೆಂದು ಹೋಗಿ ಅಲ್ಲೇ ಅಡುಗೆ ಮಾಡಿಕೊಂಡಿತ್ತು. ಮಿಕ್ಸಿ ಆ ಬಸ್ಸು ಹತ್ತಿದರೆ ನನಗೆ ಮತ್ತೆ ಒರಳೇ ಗತಿ. "ಒರಳೇನು ಸುಟ್ಟೋಗಿಲ್ವಲ್ಲ," ಎಂದು ಅತ್ತೆ ಬೇರೆ ಉಪ್ಪು ಸವರಿದರು.

ಅಳು ಬರಲಿಲ್ಲ, ಸಿಟ್ಟು ಬಂತು. ಟೇಬಲ್ ಫ್ಯಾನು ಎತ್ತಿ ತಂದು ಅದೇ ಅಡುಗೆಮನೆಯ ಪ್ಲಗ್ಗಿಗೆ ಸಿಗಿಸಿದೆ. ಚೆನ್ನಾಗಿ ತಿರುಗಿತು. ಹಾಗಾದರೆ ಗೋಡೆಯಲ್ಲಿ ಕರೆಂಟು ಇದೆ. ಫ್ಯಾನು ತೆಗೆದು, ಮಿಕ್ಸಿಯ ವೈರನ್ನು ಉದ್ದಕ್ಕೂ ಬೆರಳಲ್ಲಿ ಸವರಿಕೊಂಡು ಬಂದೆ. ಎಲ್ಲೂ ಕಡಿದಿಲ್ಲ, ಸುಟ್ಟಿಲ್ಲ. ತುದಿಗೆ ಬಂದಾಗ ಕಂಡಿತು ನೋಡಿ. ಮೂರು ಹಿತ್ತಾಳೆ ಪಿನ್ನುಗಳಿಗೂ ಅತ್ತೆ ವಿಭೂತಿ ಮೆತ್ತಿದ್ದರು, ಒಂದೊಂದಕ್ಕೂ ಕುಂಕುಮ. ಪಿನ್ನಿನ ಸೀಳೆಲ್ಲ ತುಂಬಿಕೊಂಡು, ಗೋಡೆಗೆ ಬಳಿದ ಗಾರೆಯ ಹಾಗೆ ಒಣಗಿತ್ತು. ಹಿತ್ತಾಳೆ ಕಾಣುತ್ತಲೇ ಇರಲಿಲ್ಲ. ಇನ್ನು ಕರೆಂಟು ಯಾವ ದಾರಿಯಲ್ಲಿ ಬರಬೇಕು?

ಚಾಕು ತೆಗೆದುಕೊಂಡು ಕೆರೆಯತೊಡಗಿದೆ. ಅತ್ತೆ ಹೂವು ಬಿಸಾಕಿ ಎದ್ದು ಬಂದರು.

"ಏಯ್, ಪೂಜೆ ಕುಂಕುಮ ಕೆರೀತಿದೀಯಾ? ಮುತ್ತೈದೆ ಕಣೇ ನೀನು!"

"ಮುತ್ತೈದೆ ನಾನು ಅತ್ತೆ, ಪಿನ್ನಲ್ಲ. ಕುಂಕುಮ ನನ್ ಹಣೇಗಿಡಿ."

"ನನ್ ಮಗಂಗೆ ಏನಾರಾ ಆದ್ರೆ?"

"ನಿಮ್ ಮಗ ಗುಂಡುಕಲ್ಲಿನಂಗೆ ಅವ್ರೆ, ಏನೂ ಆಗಲ್ಲ. ಸರೀರಿ ಅತ್ಲಾಗೆ."

ಸೆರಗಿನಲ್ಲಿ ಒರೆಸಿ ಗೋಡೆಗೆ ಸಿಗಿಸಿದೆ. ಸ್ವಿಚ್ಚು ಹಾಕಿಯೇ ಇತ್ತು, ಜಾರಿನಲ್ಲಿ ಬೆಳಗಿನ ಕಾಯಿ ಹಾಗೆಯೇ ಇತ್ತು, ಮುಚ್ಚಳ ಮಾತ್ರ ಇರಲಿಲ್ಲ. ಗರ್ ಎಂದು ತಿರುಗಿದ್ದೇ ತಡ, ಕಾಯಿ ಹಸಿಮೆಣಸಿನಕಾಯಿ ಸಮೇತ ಸೂರಿಗೆ ಹಾರಿತು. ಹಗ್ಗ ಹಿಡಿದು ಬಾಗಿಲಿಗೆ ಬಂದಿದ್ದ ಗಂಡನ ಹಬ್ಬದ ಹೊಸ ಅಂಗಿಗೂ ಹಾರಿತು.

"ತಿರುಗ್ತಲ್ಲೇ!" ಎಂದರು, ಮೀಸೆಯ ಮೇಲಿನ ಕಾಯಿತುರಿ ಒರೆಸಿಕೊಳ್ಳುತ್ತ. ಅಷ್ಟೇ. ತಪ್ಪಾಯಿತು ಎಂಬ ಮಾತು ಆ ಬಾಯಲ್ಲಿ ಬರಲಿಲ್ಲ.

ಅತ್ತೆ ಕೈಮುಗಿದರು. "ನೋಡಿದ್ಯೇನೋ, ಪೂಜೆ ಮಾಡಿದ್ದಕ್ಕೇ ಉಳ್ಕೊಂತು."

ಆಗ ನನಗೆ ಬಂದ ಸಿಟ್ಟನ್ನು ಯಾವ ಫ್ಯೂಸೂ ತಡೆಯುತ್ತಿರಲಿಲ್ಲ. ಇನ್ನೊಂದು ಹೋಳು ಕಾಯಿ ಹಾಕಿ, ಮುಚ್ಚಳ ಒತ್ತಿ ಹಿಡಿದು, ಮಿಕ್ಸಿಯನ್ನು ಪೂರ್ತಿ ಜೋರಿಗೆ ತಿರುಗಿಸಿದೆ. ಅಡುಗೆಮನೆಯ ತಟ್ಟೆಗಳು ಗಡಗಡ ಅಂದವು. ಎದುರು ಮನೆಯವರು ಏನಾಯಿತೆಂದು ಕಿಟಕಿಯಲ್ಲಿ ಇಣುಕಿದರು.

"ಕೇಳಿಸ್ತಾ ಅತ್ತೆ?" ಎಂದು ಸದ್ದಿನ ಮೇಲೆ ಕೂಗಿದೆ. "ಕದ್ದು ರುಬ್ಬವ್ಳೆ ಅಂದ್ರಲ್ಲ, ಇದರಲ್ಲಿ ಕದ್ದು ರುಬ್ಬೋದು ಹೆಂಗೆ ಅಂತ ನೀವೇ ಹೇಳ್ಕೊಡಿ!"

ಅತ್ತೆ ಕಿವಿ ಮುಚ್ಚಿಕೊಂಡು ಹಜಾರಕ್ಕೆ ಹೋದರು. ಗಂಡ ಹಗ್ಗವನ್ನು ಮೊಳೆಗೆ ನೇತುಹಾಕಿದರು. ಚಟ್ನಿ ಗಂಧದ ಹಾಗೆ ನುಣ್ಣಗಾಗಿ, ಇನ್ನು ಸಾಕು ಅನ್ನುವಂತಿದ್ದರೂ ನಾನು ಮಾತ್ರ ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ.