ಕುದುರೆ ಪುಣೆಯಲ್ಲಿ, ಕೀಲಿ ನಮ್ಮಲ್ಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಇದುವರೆಗೆ ಕುದುರೆ ಹತ್ತಿದವನಲ್ಲ, ಕುದುರೆಯಿಂದ ಒದೆಸಿಕೊಂಡವನೂ ಅಲ್ಲ. ಮೊನ್ನೆಯವರೆಗೆ ಟಾಂಗಾದಲ್ಲಿ ಕೂತಾಗ ಅದರ ಹಿಂಭಾಗವನ್ನಷ್ಟೇ ಕಂಡು ಬಲ್ಲವನು. ಅಷ್ಟು ಪರಿಚಯದ ಮೇಲೆ ಯಾರ ಗುಣವನ್ನೂ ಅಳೆಯಬಾರದು. ಆದ್ದರಿಂದ ಈ ಬರಹದಲ್ಲಿ ಎಲ್ಲಿಯಾದರೂ ಸಿಟ್ಟು ಕಂಡರೆ ಅದು ಕುದುರೆಯ ಮೇಲಿನದಲ್ಲ. ಕುದುರೆಗೆ ಓಡು ಅನ್ನುತ್ತಾರೆ, ಓಡುತ್ತದೆ. ಅದು ಪುಣೆಯಲ್ಲಿ ಓಡಿದರೆ ಇಲ್ಲಿ ಕಚೇರಿಗೆ ಕೀಲಿ ಹಾಕುವವರಿದ್ದಾರಲ್ಲ, ನನ್ನ ಸಿಟ್ಟು ಅವರ ಮೇಲೆ. ವರುಷವಾದರೂ ಅದು ಆರಿಲ್ಲ. ಆರಬಾರದೆಂದು ನಾನೂ ಆಗಾಗ ಊದುತ್ತ ಬಂದಿದ್ದೇನೆ.

ಪುಣೆಯ ದೊಡ್ಡ ರೇಸು ವರುಷಕ್ಕೊಮ್ಮೆ ಬರುತ್ತದೆ. ಅದು ನಡೆಯುವ ಮೈದಾನ ನಮ್ಮಿಂದ ಒಂದು ರಾತ್ರಿಯ ರೈಲು ದಾರಿ. ಅಲ್ಲಿಯ ಧೂಳು ಇಲ್ಲಿಗೆ ಕಾಣುವುದಿಲ್ಲ, ಗೊರಸಿನ ಸದ್ದು ಕೇಳುವುದಿಲ್ಲ. ಕಾಣುವುದು ಇಷ್ಟೇ: ಹಿಂದಿನ ಸಂಜೆ ಸ್ಟೇಶನ್ನಿನಲ್ಲಿ ಇಸ್ತ್ರಿ ಮಾಡಿದ ಕೋಟು, ಜರಿಯ ರುಮಾಲು, ಕೊರಳಿಗೆ ದುರ್ಬೀನು, ಮರುದಿನ ಮಧ್ಯಾಹ್ನ ತಾರಾಫೀಸಿನ ಮುಂದೆ ಗೆದ್ದ ಕುದುರೆಯ ಸುದ್ದಿಗೆ ಕಾಯುವ, ಪುಣೆಗೆ ಹೋಗಲಾಗದವರ ಗುಂಪು. ಹೋದ ವರುಷ ನಮ್ಮ ಊರಿನ ಕೆಲವು ದೊಡ್ಡವರಿಗೆ ಒಂದು ವಿಚಾರ ಹೊಳೆಯಿತು. ಆ ದಿನ ಹೇಗಿದ್ದರೂ ಯಾರೂ ಕೆಲಸ ಮಾಡುವುದಿಲ್ಲ. ಹಾಗಿದ್ದ ಮೇಲೆ ಅದನ್ನು ಸಾರ್ವಜನಿಕ ಸೂಟಿಯೆಂದೇ ಸಾರಿಬಿಡಬಾರದೇಕೆ ಎಂದು ಮನವಿಯೊಂದನ್ನು ಬರೆದು ಸಹಿ ಕೂಡಿಸತೊಡಗಿದರು.

ವಾಚನಾಲಯದ ಸಭೆಯಲ್ಲಿ ಇದೇ ವಿಷಯ ಚರ್ಚೆಗೆ ಬಂತು. ವಿರೋಧವಾಗಿ ಮಾತಾಡಲು ನನ್ನನ್ನು ಕರೆದರು. ಕಾಲೇಜಿನ ನಾಲ್ಕು ವರುಷವೂ ಚೀಟಿ ಎತ್ತಿ, ಬಂದ ಪಕ್ಷವನ್ನು ಹಿಡಿದು ವಾದಿಸಿದವನು ನಾನು. ನಿಜವಾಗಿ ನಂಬಿದ ಪಕ್ಷ ಕೈಗೆ ಸಿಕ್ಕಿದ್ದು ಅದೇ ಮೊದಲು. ಅದು ಎಷ್ಟು ಅಪಾಯದ್ದೆಂದು ಆಗ ತಿಳಿಯಲಿಲ್ಲ. ನಂಬದೆ ವಾದಿಸುವವನು ಹಿಂದಿರುಗಿ ಬರಲು ಒಂದು ಸಣ್ಣ ಬಾಗಿಲನ್ನಾದರೂ ತೆರೆದಿಟ್ಟಿರುತ್ತಾನೆ. ನಂಬಿದವನು ತಾನೇ ಎಲ್ಲ ಬಾಗಿಲೂ ಹಾಕಿ ಅಗಳಿ ಜಡಿಯುತ್ತಾನೆ.

ಯಾರೂ ಕೆಲಸ ಮಾಡದ ಹೊತ್ತೆಲ್ಲ ಸೂಟಿಯಾಗಬೇಕೆಂದರೆ ಊಟವಾದ ಮೇಲಿನ ಎರಡು ತಾಸನ್ನು ದಿನಾಲೂ ಸೂಟಿ ಮಾಡಬೇಕಾಗುತ್ತದೆ ಎಂದೆ. ಸಭೆ ನಕ್ಕಿತು. ಹಬ್ಬದ ಸೂಟಿಗೆ ಒಂದು ಗುರುತಿದೆ, ಆ ದಿನ ಅಡಿಗೆಮನೆಗೆ ತಿಳಿದಿರುತ್ತದೆ ಎಂದೆ. ಯುಗಾದಿಗೆ ಬೇವು ಬೆಲ್ಲ, ಹೋಳಿಗೆ. ರಮಜಾನಿಗೆ ಶಾವಿಗೆಯ ಸುರಕುಂಬಾ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ. ರೇಸಿನ ದಿನ ನಮ್ಮ ತಾಯಂದಿರು ಏನು ಮಾಡಬೇಕು, ಹುರಳಿ ಬೇಯಿಸಬೇಕೆ? ಸಭೆ ಇನ್ನೂ ನಕ್ಕಿತು. ನಕ್ಕಷ್ಟೂ ನನಗೆ ಏರಿತು. ಅಶ್ವಮೇಧದ ತನಕ ಹೋದೆ. ಅಂದು ಕುದುರೆ ಮನಸ್ಸು ಬಂದತ್ತ ಅಲೆಯುತ್ತಿತ್ತು, ಮನುಷ್ಯರು ಅದರ ಬೆನ್ನು ಹತ್ತಿ ದುಡಿಯುತ್ತಿದ್ದರು. ಇಂದು ಕುದುರೆ ದುಡಿಯುತ್ತದೆ, ಮನುಷ್ಯರು ಅಲೆಯುತ್ತಾರೆ. ಕೊನೆಗೆ ಮೇಜು ಗುದ್ದಿ ಹೇಳಿದೆ: "ಆ ದಿನ ಸೂಟಿಯಲ್ಲ, ಆಗಲೂಬಾರದು. ಆ ದಿನ ಕಚೇರಿಗೆ ಕೀಲಿ ಕಂಡರೂ ಅದನ್ನು ಸೂಟಿಯೆಂದು ನಾವು ಯಾರೂ ಒಪ್ಪತಕ್ಕದ್ದಲ್ಲ!"

ಚಪ್ಪಾಳೆ ಬಹಳ ಹೊತ್ತು ನಡೆಯಿತು. ನಮ್ಮ ವಾರಪತ್ರಿಕೆ ಭಾಷಣವನ್ನು ಒಂದು ಪುಟದ ತುಂಬ ಹಾಕಿತು, ಕೊನೆಯ ವಾಕ್ಯವನ್ನು ದಪ್ಪ ಅಕ್ಷರದಲ್ಲಿ. ಆ ಸಂಚಿಕೆಯ ಐದು ಪ್ರತಿಗಳನ್ನು ನಾನೇ ಕೊಂಡೆ.

ಇನ್ನು ಇಮಾಮಸಾಬರ ಮಾತು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಅವರು ನಾಲಬಂದರು. ಅಂದರೆ ಟಾಂಗಾದ ಕುದುರೆಗಳಿಗೆ ನಾಲು ಬಡಿಯುವವರು. ಅವರ ತಂದೆಯೂ ಅಲ್ಲಿಯೇ ಬಡಿದವರು. ಅವರ ಅಂಗಡಿಯೆಂದರೆ ಮನೆಯ ಗೋಡೆಗೆ ಆನಿಸಿದ ಒಂದು ತಗಡಿನ ಚಪ್ಪರ, ಅಷ್ಟೇ. ಆ ಚಪ್ಪರ ಓಣಿಯೊಳಕ್ಕೆ ಚಾಚಿದೆ, ತೆಗೆಯತಕ್ಕದ್ದು; ತಕರಾರು ಇದ್ದರೆ ಇಂಥ ತಾರೀಖಿನೊಳಗೆ ಅರ್ಜಿ ಕೊಡತಕ್ಕದ್ದು ಎಂದು ಊರ ಕಾರಭಾರದ ಒಂದು ಕಚೇರಿಯಿಂದ ಅವರಿಗೆ ನೋಟೀಸು ಬಂತು. ಕಚೇರಿಯ ಹೆಸರು ಇಲ್ಲಿ ಬೇಡ. ನೋಟೀಸು ಹಿಡಿದು ಅವರು ನನ್ನ ಹತ್ತಿರ ಬಂದರು.

"ವಕೀಲಸಾಬ್ರ, ಇದನ್ನ ಸ್ವಲ್ಪ ಓದ್ರಿ. ಅಕ್ಷರ ಭಾಳ ಛಲೋ ಅದಾವ, ಅಂದ್ರ ಸುದ್ದಿ ಕೆಟ್ಟದ್ದ ಇರಬೇಕು."

"ನಾ ಇನ್ನೂ ವಕೀಲ ಆಗಿಲ್ಲ ಕಾಕಾ, ಓದಾಕತ್ತೇನಿ."

"ಆಗತೀರಿ ಬಿಡ್ರಿ. ಕುದರಿಮರಿಗೂ ನಾವು ಕುದರೀನ ಅಂತೀವಿ."

ಚಪ್ಪರ ಹೋದರೆ ಏನಾಗುತ್ತದೆ ಎಂದು ಕೇಳಿದೆ. ಅವರು ತಾಳ್ಮೆಯಿಂದ ಹೇಳಿದರು. ಕುದುರೆ ಗೋಡೆಯ ಕಡೆ ಮುಖ ಮಾಡಿ ನೆರಳಿನಲ್ಲಿ ನಿಂತರೆ ಮಾತ್ರ ಕಾಲು ಕೊಡುತ್ತದೆ. ಬಯಲಲ್ಲಿ ನಿಲ್ಲಿಸಿದರೆ ಸೈಕಲ್ಲಿನ ಗಂಟೆಗೂ ಬೆದರುತ್ತದೆ. ಮೊಳೆ ಅರ್ಧ ಇಳಿದಾಗ ಬೆದರಿದರೆ ಕುದುರೆಗೂ ಕಾಲಿಲ್ಲ, ನಾಲಬಂದನಿಗೂ ಕೈಯಿಲ್ಲ. "ತಗಡ ಹೋದ್ರ ನಾನೂ ಹೋದಂಗ್ರಿ," ಎಂದರು.

ಅರ್ಜಿ ಬರೆಯಲು ಕೂತೆ. ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದು ನಾನೇ ಹಟ ಹಿಡಿದೆ. ಮೊದಲ ವಾಕ್ಯಕ್ಕೆ ಮೂರು ದಿನ ಹಿಡಿಯಿತು. ಅದರಲ್ಲಿ ಎಲ್ಲ ಇತ್ತು, ಚಪ್ಪರವೊಂದನ್ನು ಬಿಟ್ಟು. ಅದನ್ನು ಹರಿದು ಮತ್ತೆ ಬರೆದೆ. ಹೀಗೆ ಮುದತಿನ ಕೊನೆಯ ದಿನ ಬಂತು. ಅದು ಬುಧವಾರ. ಪುಣೆಯ ರೇಸೂ ಅದೇ ಬುಧವಾರವೆಂಬುದು, ರೇಸಿನ ಬಗ್ಗೆ ಒಂದು ಪುಟ ಭಾಷಣ ಅಚ್ಚು ಹಾಕಿಸಿದ ನನಗೆ ನೆನಪಾಗಲಿಲ್ಲ.

ಕಚೇರಿಗೆ ಇಬ್ಬರೂ ಹೋದೆವು. ಬಾಗಿಲಿಗೆ ತೆಂಗಿನಕಾಯಿಯಷ್ಟು ದೊಡ್ಡ ಕೀಲಿ. ಪಡಸಾಲೆಯಲ್ಲಿ ಸಿಪಾಯಿ ಒಬ್ಬನೇ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ.

"ಇವತ್ತ ರೇಸ್ ಐತಲ್ರಿ," ಎಂದ.

"ರೇಸ್ ಪುಣೇದಾಗ ಐತಿ. ಇಲ್ಲೇನೈತಿ?"

"ಇಲ್ಲೆ ಕೀಲಿ ಐತ್ರಿ."

"ಹಂಗಾರ ಸೂಟಿ ಏನು?"

"ಸೂಟಿ ಅಂತ ಯಾರಂದ್ರು? ಸೂಟಿ ಇದ್ರ ನಾ ಯಾಕ ಇಲ್ಲಿ ಕುಂದರತಿದ್ದೆ? ಸಾಹೇಬ್ರು ಪುಣೇಕ್ಕ ಹೋಗ್ಯಾರ, ಹೆಡ್ ಕಾರಕೂನರು ತಾರಾಫೀಸಿಗೆ ಹೋಗ್ಯಾರ, ಉಳದವ್ರು ಅವರನ್ನ ಹುಡಕಾಕ ಹೋಗ್ಯಾರ."

"ಈ ಅರ್ಜಿ ನೀನರ ತಗೋ."

"ನಾ ತಗೊಂಡ್ರ ಅದು ಅರ್ಜಿ ಆಗಂಗಿಲ್ರಿ, ಬರೇ ಕಾಗದ ಆಗತೈತಿ."

ಮರುದಿನ ಬಾಗಿಲು ತೆಗೆಯುತ್ತಲೇ ಹೆಡ್ ಕಾರಕೂನರ ಮೇಜಿನ ಮುಂದೆ ನಿಂತೆವು. ಅವರು ಅರ್ಜಿಯನ್ನು ಮುಟ್ಟದೆಯೇ ತಾರೀಖು ನೋಡಿದರು. ಮುದತು ನಿನ್ನೆಗೆ ಮುಗಿಯಿತು ಎಂದರು. ಕಾಯಿದೆ ನನಗೆ ಗೊತ್ತಿತ್ತು: ಕೊನೆಯ ದಿನ ಕಚೇರಿಗೆ ಸೂಟಿಯಿದ್ದರೆ ಮರುದಿನ ಕೊಟ್ಟ ಅರ್ಜಿಯೂ ನಡೆಯುತ್ತದೆ. ನಿನ್ನೆ ಬಂದಿದ್ದೆವು, ಕೀಲಿ ಇತ್ತು ಎಂದೆ.

"ಕೀಲಿ ಇದ್ರ ಸೂಟಿ ಏನು? ನಮ್ಮ ಮನಿಗೂ ಕೀಲಿ ಹಾಕಿ ಬಂದೇನಿ, ಮನಿಗೆ ಸೂಟಿ ಕೊಟ್ಟಂಗಾತೇನು? ಸೂಟಿ ಪಟ್ಟಿ ಗ್ವಾಡಿ ಮ್ಯಾಲ ಅದ, ನೋಡಿಕೋರಿ. ನಿನ್ನೆ ಕಚೇರಿ ಚಾಲೂ ಇತ್ತು."

"ಚಾಲೂ ಇದ್ರ ನೀವೆಲ್ಲಿದ್ರಿ?"

"ನಾ ಎಲ್ಲಿದ್ದೆ ಅನ್ನೂದು ನನ್ನ ಪ್ರಶ್ನೆ. ಕಚೇರಿ ಎಲ್ಲಿತ್ತು? ಇಲ್ಲೇ ಇತ್ತು."

ಆಮೇಲೆ ಅವರು ಮೇಜಿನ ಖಣವನ್ನು ಎಳೆದು ನಮ್ಮ ವಾರಪತ್ರಿಕೆಯನ್ನು ತೆಗೆದರು. ನನ್ನ ಭಾಷಣದ ಪುಟಕ್ಕೇ ಮಡಚಿಟ್ಟಿತ್ತು. "ಇದು ನಿಮ್ಮದ ಹೌದಲ್ರಿ? ನಮ್ಮ ಮನ್ಯಾಗ ಎಲ್ಲಾರೂ ಓದೇವಿ, ಭಾಳ ಛಲೋ ಅದ," ಎಂದು ದಪ್ಪ ಅಕ್ಷರದ ವಾಕ್ಯವನ್ನು ನಿಧಾನವಾಗಿ ಓದಿದರು: ಕಚೇರಿಗೆ ಕೀಲಿ ಕಂಡರೂ ಅದನ್ನು ಸೂಟಿಯೆಂದು ನಾವು ಯಾರೂ ಒಪ್ಪತಕ್ಕದ್ದಲ್ಲ. "ನಾವೂ ಒಪ್ಪಿಲ್ಲ ನೋಡ್ರಿ."

ಇಮಾಮಸಾಬರು ಪತ್ರಿಕೆಯನ್ನೂ ನನ್ನನ್ನೂ ನೋಡಿದರು. "ಅದರಾಗ ನನ್ನ ಚಪ್ಪರದ ಸುದ್ದಿನೂ ಐತೇನ್ರಿ?" ಎಂದು ಆಸೆಯಿಂದ ಕೇಳಿದರು.

ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟಿಗೆ ಇಂದಿಗೂ ಸರಿಯಾದ ಹೆಸರು ಸಿಕ್ಕಿಲ್ಲ. ರೇಸಿನ ದಿನ ಸೂಟಿ ಬೇಕೆಂಬ ಮನವಿಗೆ ಮೊದಲು ಸಹಿ ಹಾಕಿದವರು ಈ ಹೆಡ್ ಕಾರಕೂನರೇ. ಈಗ ಸೂಟಿಯಿರಲಿಲ್ಲ ಎಂದು ಆಣೆ ಹಾಕುವವರೂ ಅವರೇ. ಸೂಟಿ ಕೂಡದೆಂದು ಮೇಜು ಗುದ್ದಿದವನು ನಾನು. ಸೂಟಿಯಿತ್ತೆಂದು ಸಾಧಿಸದಿದ್ದರೆ ಮನುಷ್ಯನೊಬ್ಬನ ಚಪ್ಪರ ಹೋಗುತ್ತದೆ. ಸರಿ, ಚೀಟಿ ಎತ್ತಿದಂತಾಯಿತು ಎಂದುಕೊಂಡು ಬಾಯಿ ತೆರೆದೆ.

ಸಾರ್ವಜನಿಕ ಸೂಟಿ ಎಂದರೇನು, ಸಾರ್ವಜನಿಕರಿಗೆ ಕಚೇರಿಯ ಬಾಗಿಲು ತೆರೆಯದ ದಿನ! ಪಟ್ಟಿಯಲ್ಲಿ ಬರೆದರೆ ಮಾತ್ರ ಸೂಟಿಯೆ? ಪಂಚಾಂಗದಲ್ಲಿ ಬರೆಯದಿದ್ದರೆ ಸೂರ್ಯ ಹುಟ್ಟುವುದಿಲ್ಲವೆ? ಊರಿನ ಗಣ್ಯರೆಲ್ಲ ಕೆಲಸ ಬಿಟ್ಟು ತಾರಾಫೀಸಿನ ಮುಂದೆ ಮಡಿಯಲ್ಲಿ ನಿಂತಂತೆ ನಿಂತಿದ್ದರಲ್ಲ, ಯಾವ ಹಬ್ಬಕ್ಕೆ ಇಷ್ಟು ಭಕ್ತಿಯಿದೆ? ಅಶ್ವಮೇಧವನ್ನೂ ಮತ್ತೆ ಎಳೆದು ತಂದೆ, ಈ ಸಲ ಬೇರೆ ಮುಖ ಮಾಡಿಸಿ: ಅಂದಿನಿಂದಲೂ ಕುದುರೆ ಹೊರಟ ದಿನ ರಾಜ್ಯವೆಲ್ಲ ಕಣ್ಣು ಅತ್ತ ನೆಟ್ಟೇ ಕೂತಿರುತ್ತದೆ, ಇದು ನಮ್ಮ ಸನಾತನ ರೂಢಿ! ನಾಚಿಕೆಯಿಂದಲೇ ಹೇಳುತ್ತೇನೆ, ಭಾಷಣ ವಾಚನಾಲಯದ್ದಕ್ಕಿಂತ ಚೆನ್ನಾಗಿತ್ತು.

ಒಳಕೋಣೆಯ ಪರದೆ ಸರಿಯಿತು. ಬೆಳಗಿನ ರೈಲಿಗೆ ಬಂದಿಳಿದ ಸಾಹೇಬರು ಕೋಟಿನ ಸುಕ್ಕೂ ತೆಗೆಯದೆ ನಿಂತಿದ್ದರು.

"ಯಾರಿವರು? ಈ ಊರಾಗ ರೇಸಿನ ಮರ್ಮ ತಿಳದವರು ಒಬ್ಬರರ ಅದಾರಲ್ಲ!" ಅರ್ಜಿಯನ್ನು ತಾವೇ ಎತ್ತಿಕೊಂಡರು. "ನಿನ್ನೆ ಸೂಟಿ ಇತ್ತು ಅಂತ ಬರದು ಇದನ್ನ ಒಳಗ ತಗೋರಿ."

"ಸಾಹೇಬ್ರ, ಪಟ್ಟಿಯೊಳಗ ಇಲ್ಲರಿ," ಎಂದರು ಹೆಡ್ ಕಾರಕೂನರು.

"ಪಟ್ಟಿಯೊಳಗ ಹಾಕ್ರಿ."

ಅರ್ಜಿ ಒಳಗೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ವಿಚಾರಣೆಯಾಗಿ, ಚಪ್ಪರವನ್ನು ಎರಡು ಮೊಳ ಹಿಂದಕ್ಕೆ ಸರಿಸಿ ಉಳಿಸಿಕೊಳ್ಳಬಹುದೆಂದು ಹುಕುಮು ಬಂತು. ಇಮಾಮಸಾಬರು ನನ್ನ ಎರಡೂ ಕೈ ಹಿಡಿದುಕೊಂಡರು. ಕಬ್ಬಿಣ ಹಿಡಿದು ಕಬ್ಬಿಣದಂತೆಯೇ ಆದ ಆ ಕೈಗಳ ಬಿಸಿಯಲ್ಲಿ ನಾನು ಗೆದ್ದೆನೆಂದು ಸಂತೋಷಪಡಬೇಕಾಗಿತ್ತು.

ಆದರೆ ಮನೆಗೆ ಬಂದು ಯೋಚಿಸಿದಷ್ಟೂ ಸಿಟ್ಟು ಏರಿತು. ಪುಣೆಯಲ್ಲಿ ಸಾಹೇಬರು ಹಣ ಕಟ್ಟಿದ ಕುದುರೆ ಗೆದ್ದಿತೋ ಸೋತಿತೋ ನನಗೆ ತಿಳಿಯದು. ಮುಖ ನೋಡಿದರೆ ಗೆದ್ದಂತಿತ್ತು. ಸೋತಿದ್ದರೆ? ಇಮಾಮಸಾಬರು ತಮ್ಮ ಜನ್ಮದಲ್ಲಿ ರೇಸಿನ ಮೈದಾನ ಕಂಡವರಲ್ಲ, ಒಂದು ಕಾಸು ಕಟ್ಟಿದವರಲ್ಲ. ಆದರೂ ಆ ಬುಧವಾರ, ಹೆಸರೂ ಗೊತ್ತಿಲ್ಲದ ಯಾವುದೋ ಕುದುರೆಯ ಮೇಲೆ ಅವರ ತಗಡಿನ ಚಪ್ಪರವನ್ನು ಯಾರೋ ಪಣಕ್ಕೆ ಕಟ್ಟಿಬಿಟ್ಟಿದ್ದರು. ಅವರನ್ನು ಕೇಳಲೂ ಇಲ್ಲ. ಸೂಟಿ ಒಳ್ಳೆಯದೋ ಕೆಟ್ಟದ್ದೋ ಎಂಬ ನನ್ನ ಚರ್ಚೆಯೆಲ್ಲ ಇದರ ಮುಂದೆ ಮಕ್ಕಳಾಟ. ಸೂಟಿ ಬೇಕಾದರೆ ಕೊಡಿರಿ ಮಹಾರಾಯರೆ, ಕುದುರೆಗೆ ಕೊಡಿರಿ, ಕತ್ತೆಗೆ ಕೊಡಿರಿ. ತಿಂಗಳ ಮೊದಲು ಗೋಡೆಗೆ ಬರೆದು ಹಚ್ಚಿ ಕೊಡಿರಿ. ಇಲ್ಲವಾದರೆ ಬಾಗಿಲು ತೆಗೆದು ಕೂಡಿರಿ. ಬಾಗಿಲಿಗೆ ಕೀಲಿ ಹಾಕಿ, ಕಾಗದದಲ್ಲಿ ಮಾತ್ರ ತೆರೆದಿಡುತ್ತೀರಲ್ಲ, ಆ ಕಚೇರಿ ಯಾರಿಗಾಗಿ? ಒಳಗೆ ಇಲ್ಲದವರಿಗೆ ಅದು ಸೂಟಿ, ಹೊರಗೆ ನಿಂತವನಿಗೆ ಕೆಲಸದ ದಿನ. ಒಂದೇ ಬುಧವಾರಕ್ಕೆ ಎರಡು ಪಂಚಾಂಗ.

ಇದನ್ನು ಮೊದಲೇ ಹೇಳಬೇಕಾಗಿತ್ತು. ವಾಚನಾಲಯದಲ್ಲಿ ಹುರಳಿಯ ಮಾತು ಹೇಳಿ ನಗಿಸುತ್ತಿದ್ದಾಗ ಹೊಳೆಯಲಿಲ್ಲ.

ಈ ವರುಷದ ರೇಸು ಮೊನ್ನೆ ಆಯಿತು. ಕಚೇರಿಯ ಗೋಡೆಗೆ "ರೂಢಿಯ ಪ್ರಕಾರ ಸೂಟಿ" ಎಂದು ಹಚ್ಚಿದ್ದರು. ಒಂದೇ ವರುಷದ ರೂಢಿ. ಅದರ ಮೂಲಪುರುಷ ನಾನು. ವಾಚನಾಲಯದವರು ಈಗ ನನ್ನನ್ನು ಚರ್ಚೆಗೆ ಕರೆಯುವುದಿಲ್ಲ. ರೇಸಿನ ಆ ದಿನ ಗೋಡೆಯ ಮೇಲಿನ ಚೀಟಿಯನ್ನು ಓದಿ ಹಲ್ಲು ಕಡಿಯುತ್ತ ಇಮಾಮಸಾಬರ ಚಪ್ಪರಕ್ಕೆ ಹೋದೆ. ಕಂದು ಬಣ್ಣದ ಟಾಂಗಾ ಕುದುರೆಯೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು.

"ಬರ್ರಿ ವಕೀಲಸಾಬ್ರ. ಟಾಂಗಾದಾಂವ ತಾರಾಫೀಸಿಗೆ ಹೋಗ್ಯಾನ, ಯಾವ ಕುದರಿ ಗೆದ್ದೈತಿ ನೋಡಾಕ. ತನ್ನ ಕುದರಿ ಕಾಲ ಹಿಡಿಯಾಕ ಆಳ ಇಲ್ಲ. ಸ್ವಲ್ಪ ಹಿಡೀರಿ."

ಬಗ್ಗಿ ಕಾಲು ಹಿಡಿದೆ. ಅದು ಕಿತ್ತುಕೊಂಡಿತು. ಮತ್ತೆ ಹಿಡಿದೆ, ಮತ್ತೆ ಕಿತ್ತುಕೊಂಡಿತು.

"ಸಿಟ್ಟ ಇಟಗೊಂಡ ಹಿಡದ್ರ ಕೊಡಂಗಿಲ್ರಿ ಅದು," ಎಂದರು ಇಮಾಮಸಾಬರು, ಬಾಯಲ್ಲಿ ಮೊಳೆ ಕಚ್ಚಿಕೊಂಡೇ.

"ನನ್ನ ಸಿಟ್ಟು ಇದರ ಮ್ಯಾಲ ಅಲ್ಲ ಕಾಕಾ."

"ಯಾರ ಮ್ಯಾಲ ಅನ್ನೂದು ಅದಕ್ಕೇನ ಗೊತ್ತರಿ? ಸಿಟ್ಟ ಐತಿ ಅನ್ನೂದಷ್ಟ ಗೊತ್ತಾಗತೈತಿ."

ಕುದುರೆಯೊಡನೆ ವಾದ ಮಾಡಲು ಬರುವುದಿಲ್ಲ. ಅದಕ್ಕೆ ಎರಡು ಪಕ್ಷಗಳಿಲ್ಲ. ಅದರ ಹೊಟ್ಟೆಗೆ ಹೆಗಲು ಕೊಟ್ಟು ನಿಂತೆ. ಅದು ಒಂದು ದೊಡ್ಡ ಉಸಿರು ಬಿಟ್ಟು ತಾನೇ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟಿತು. ನಾನು ಎಣಿಸಿದ್ದಕ್ಕಿಂತ ಬಹಳ ಭಾರ. ತಲೆಯ ಮೇಲೆ ತಗಡು ಬಿಸಿಲಿಗೆ ಚಟಪಟ ಎನ್ನುತ್ತಿತ್ತು. ಇಮಾಮಸಾಬರು ಮೊಳೆಗಳನ್ನು ಒಂದೊಂದಾಗಿ ಇಳಿಸಿದರು. ಅಷ್ಟೂ ಹೊತ್ತು ಸಿಟ್ಟನ್ನು ಬದಿಗೆ, ಅವರ ಇಕ್ಕಳದ ಪಕ್ಕದಲ್ಲಿ ಇಟ್ಟಿದ್ದೆ.

ನಾಲ್ಕನೆಯ ಕಾಲು ಮುಗಿದ ಮೇಲೆ ಕೈ ತೊಳೆದುಕೊಂಡು ನೋಡಿದೆ, ಸಿಟ್ಟು ಇಟ್ಟಲ್ಲಿಯೇ ಇತ್ತು. ಎತ್ತಿಕೊಂಡು ಮನೆಗೆ ಬಂದು ಇದನ್ನು ಬರೆಯಲು ಕೂತೆ, ಈ ಸಲ ಕನ್ನಡದಲ್ಲಿ.