ಕಣ್ಣೀರಿಗಿಂತ ಉಪ್ಪಾಗಬಾರದು

ಮೂಲೆಮನೆ ಅಜ್ಜಿಯ ಬಲಗೈ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿ, ಸದಾ ಚಿಟಿಕೆ ಉಪ್ಪು ಹಿಡಿದುಕೊಂಡಂತೆಯೇ ಕಾಣುತ್ತಿದ್ದವು. ಹೆಗ್ಗನಹಳ್ಳಿಯ ನಮ್ಮ ಬೀದಿಗೆ ಬಾಡಿಗೆಗೆ ಬಂದವರು ಹಾಲು ಉಕ್ಕಿಸುವ ಮೊದಲೇ, ವಾಂತಿಭೇದಿಯಾದರೆ ಏನು ಕುಡಿಸಬೇಕೆಂಬ ಅವರ ಪಾಠ ಕೇಳಬೇಕಿತ್ತು. ಕಾಯಿಸಿ ಆರಿಸಿದ ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕದಡಿ, ಎಲ್ಲರ ಅಂಗೈಗೂ ಹನಿಸಿ ರುಚಿ ನೋಡಿಸುತ್ತಿದ್ದರು.

"ಕಣ್ಣೀರಿಗಿಂತ ಉಪ್ಪಾಗಬಾರ್ದು ಕಣವ್ವ. ಉಪ್ಪಾಯ್ತಾ, ಚೆಲ್ಲು, ಬೇರೆ ಮಾಡು."

ಎಲ್ಲರೂ ಗಟ್ಟಿಮುಟ್ಟಾಗಿರುವಾಗ ಭೇದಿಯ ಮಾತೇಕೆ ಎಂದು ನಾವು ನಗುತ್ತಿದ್ದೆವು. ಬೆಂಕಿ ಬಿದ್ದಾಗ ಬಾವಿ ತೋಡುವ ಜನ ನೀವು ಎಂದು ಅವರು ಬೈಯುತ್ತಿದ್ದರು. ಆರೋಗ್ಯ ಕೇಂದ್ರದಿಂದ ಓಆರ್‌ಎಸ್ ಪೊಟ್ಟಣ ತಂದು ಮನೆಮನೆಗೂ ಹಂಚುತ್ತಿದ್ದರು. ಭೇದಿ ಜೋರಾದರೆ ಯಾರ ಆಟೊ ಕರೆಯಬೇಕೆಂಬುದು ಬೀದಿಗೆಲ್ಲ ಬಾಯಿಪಾಠವಾಗಿತ್ತು.

ಒಂದು ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿಕೊಂಡಿತು. ಮನೆಮನೆಯಲ್ಲೂ ವಾಂತಿ, ಭೇದಿ. ಸಂಜೆಯೊಳಗೆ ನನ್ನ ಮಗಳ ಕಣ್ಣುಗಳು ಗುಳಿಬಿದ್ದವು. ನೀರು ಕೊಟ್ಟರೆ ಇನ್ನೂ ಜಾಸ್ತಿಯಾಗುತ್ತದೆ, ಹೊಟ್ಟೆ ಒಣಗಲಿ ಎಂದು ನಮ್ಮತ್ತೆ ಲೋಟ ಕಸಿದಿಟ್ಟರು. ಅಷ್ಟರಲ್ಲಿ ಬಂದ ಅಜ್ಜಿ ಅದೇ ಲೋಟದಲ್ಲಿ ಉಪ್ಪು-ಸಕ್ಕರೆ ನೀರು ಕದಡಿ, ಚಮಚ ಚಮಚವಾಗಿ ಕುಡಿಸಿದರು. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ. ಆಸ್ಪತ್ರೆಗೆ ಹೋಗುವಾಗ ಆಟೊದಲ್ಲೂ ನಿಲ್ಲಿಸಲಿಲ್ಲ. ಕುಡಿಸುತ್ತಾ ತಂದಿದ್ದಕ್ಕೇ ಮಗು ದಕ್ಕಿತು ಎಂದರು ಡಾಕ್ಟರು. ಆ ಸಲ ನಮ್ಮ ಬೀದಿಯಲ್ಲಿ ಯಾರೂ ಸಾಯಲಿಲ್ಲ.

ಆ ರಾತ್ರಿ ನಾನು ಅತ್ತೆಯ ಮೇಲೆ ಕೂಗಾಡುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಅಜ್ಜಿ ನನ್ನ ಕೈ ಹಿಡಿದು ಹೇಳಿದ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

"ನಿಮ್ಮತ್ತೇನ ಬೈಬೇಡ. ನಾನೂ ಹಂಗೇ ಅನ್ಕೊಂಡಿದ್ದೆ. ನನ್ ಮಗ ಅವ್ವಾ ನೀರು, ಅವ್ವಾ ನೀರು ಅಂತಾನೇ ಹೋದ. ಕೊಡ್ಲಿಲ್ಲ ನಾನು. ಈಗ್ಲೂ ಕೇಳ್ತಾನೆ."

ಹಾಗೆಂದು ಎದ್ದು, ಮಗುವಿನ ಹಾಸಿಗೆಯ ಹತ್ತಿರ ಹೋದರು.

ಹೋದ ವರ್ಷ ಅಜ್ಜಿ ಹಾಸಿಗೆ ಹಿಡಿದರು. ಕೊನೆಗಳಿಗೆ ಎಂದು ಗೊತ್ತಾದಾಗ ಬಾಯಿಗೆ ನೀರು ಬಿಡಲು ಬೀದಿಯೇ ಸೇರಿತ್ತು. ನಾನು ಚಮಚ ತುಟಿಗೆ ತಾಗಿಸಿದೆ. ಅವರು ತುಟಿ ಬಿಗಿಹಿಡಿದು, ಮಂಚದ ಪಕ್ಕದಲ್ಲಿ ಯಾರೂ ಇಲ್ಲದ ಕಡೆ ನೋಡಿದರು.

"ಮೊದ್ಲು ಅವನಿಗೆ ಕೊಡು."

ಅವರು ನೋಡುತ್ತಿದ್ದ ಕಡೆಗೇ ಚಮಚ ಚಾಚಿ, ನಿಧಾನವಾಗಿ ನೀರು ಬಿಟ್ಟೆ. ಆಮೇಲೆ ಅಜ್ಜಿ ಬಾಯಿ ತೆರೆದರು.